ಮಗಳಿಗೊಂದು ಪತ್ರ: ಪದವಿಯಲ್ಲಿ ಓದಿದ ಇತಿಹಾಸ ಎಲ್ಲಿಗೂ ಹೋಗಿಲ್ಲ

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿಟ್ಟ ಮೇಲೂ ನಿನ್ನ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. "ಪದವಿಯಲ್ಲಿ ಇಸವಿ, ಯುದ್ಧ ಅಂತ ಓದಿದ್ದೇ ಆಯ್ತು, ಅದರಿಂದ ಸಂಶೋಧನೆಗೆ ಏನು ಉಪಯೋಗಮ್ಮ?" ಅಂದೆಯಲ್ಲ.

ಇಸವಿ ಮರೆತರೆ ಮರೆತುಹೋಗಲಿ, ಪುಸ್ತಕ ತೆಗೆದರೆ ಸಿಗುತ್ತೆ. ಆದರೆ ಹಳೇ ಕಾಗದ ಒಂದು ಕೈಗೆ ಬಂದಾಗ ಇದನ್ನು ಬರೆದದ್ದು ಯಾರು, ಯಾರು ಓದಲಿ ಅಂತ ಬರೆದರು, ಆಗ ಅವರಿಗೆ ಏನು ಬೇಕಿತ್ತು ಅಂತ ಕೇಳುವ ಅಭ್ಯಾಸ ಇದೆಯಲ್ಲ, ಅದು ನಿನಗೆ ಬಂದಿದ್ದು ಆ ತರಗತಿಗಳಲ್ಲೇ. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಮಾಡಿದ್ದೂ ಇದನ್ನೇ. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ಅಧಿಕಾರ ಬರೆದುಕೊಟ್ಟ ಅನ್ನುವ ದಾನಪತ್ರವನ್ನು ಜನ ಶತಮಾನಗಟ್ಟಲೆ ನಂಬಿದ್ದರು. ವಲ್ಲಾನಿಗೆ ಯಾವ ಗುಟ್ಟಿನ ದಾಖಲೆಯೂ ಸಿಕ್ಕಿರಲಿಲ್ಲ. ಅದೇ ಪತ್ರವನ್ನು ಪದ ಪದ ಬಿಡಿಸಿ ಓದಿದ. ರೋಮ್‌ನವರು ತಮ್ಮ ಅಧಿಕಾರಿಗಳನ್ನು ಆ ಪತ್ರದಲ್ಲಿರುವ ಹಾಗೆ 'ಸತ್ರಪ' (ಪರ್ಷಿಯಾದವರು ಪ್ರಾಂತ್ಯದ ಅಧಿಕಾರಿಗೆ ಹೇಳುತ್ತಿದ್ದ ಪದ) ಅಂತ ಕರೆಯುತ್ತಿದ್ದರೇ ಅಂತ ಕೇಳಿದ. ಪತ್ರ ನಕಲಿ ಅಂತ ತೋರಿಸಿದ. ಅಂದಹಾಗೆ, ಆಗ ವಲ್ಲಾನನ್ನು ಸಾಕುತ್ತಿದ್ದ ರಾಜನಿಗೂ ಪೋಪ್‌ಗೂ ಜಗಳವಿತ್ತು. ಹಾಗಾಗಿ 'ಬರೆದವರಿಗೆ ಏನು ಬೇಕಿತ್ತು' ಅನ್ನುವ ಅದೇ ಪ್ರಶ್ನೆಯನ್ನು ವಲ್ಲಾನಿಗೂ ಕೇಳಬೇಕು, ಅಲ್ವಾ?

ಇನ್ನು ನಿನ್ನ ಕೊನೇ ವರ್ಷದ ಪ್ರಬಂಧ. ಯುರೋಪಿನ ಮಹಾ ಪ್ಲೇಗ್ ಬಗ್ಗೆ ಬರೀತೀನಿ ಅಂತ ಹೊರಟವಳು ಕೊನೆಗೆ, ಪ್ಲೇಗಿನಲ್ಲಿ ಜನ ಸತ್ತು ಕೆಲಸದವರು ಕಡಿಮೆಯಾದ ಮೇಲೆ 1351ರಲ್ಲಿ ಇಂಗ್ಲೆಂಡಿನಲ್ಲಿ ಕೂಲಿ ಏರಿಸಬಾರದು ಅಂತ ಕಾನೂನು ಯಾಕೆ ಬಂತು ಅನ್ನುವ ಒಂದೇ ಪ್ರಶ್ನೆಗೆ ಬಂದು ನಿಂತೆ, ವಿಷಯ ಇಷ್ಟೇ ಇಷ್ಟಾಯ್ತು ಅಂತ ಅತ್ತುಬಿಟ್ಟೆ. ಮಗಳೇ, ಆ ಚಿಕ್ಕದಾಗಿಸುವ ಕೆಲಸವೇ ಸಂಶೋಧನೆ. ಕಾನೂನು ಓದಿದರೆ ಒಡೆಯರಿಗೆ ಏನು ಬೇಕಿತ್ತು ಅಂತ ಗೊತ್ತಾಗುತ್ತೆ, ಕೂಲಿಯವರಿಗೆ ಸಿಕ್ಕಿದ್ದೆಷ್ಟು ಅಂತಲ್ಲ, ಅದಕ್ಕೆ ದಂಡ ಹಾಕಿದ ಕೋರ್ಟಿನ ದಾಖಲೆ ನೋಡಬೇಕು ಅಂತ ನೀನೇ ಬರೆದಿದ್ದೆ. ಅದನ್ನು ಓದಿದ ದಿನವೇ ನನಗೆ ಧೈರ್ಯ ಬಂತು.

ಹೊಸದಾಗಿ ಕಲಿಯಬೇಕಾದದ್ದೂ ಜಾಸ್ತಿ ಇದೆ. ಹಳೇ ಕೈಬರಹ, ಇನ್ನೊಂದು ಭಾಷೆ, ಪ್ರಶ್ನೆಯನ್ನು ಯಾರೂ ಕೊಡದಿದ್ದಾಗ ತಾನೇ ಹುಡುಕಿಕೊಳ್ಳುವುದು. ಟಿಪ್ಪಣಿ ಮಾಡುವಾಗ ಪುಟಸಂಖ್ಯೆ ಮಾತ್ರ ಬಿಡಬೇಡ. ನಾನು ಬಿಟ್ಟಿದ್ದೆ. ಒಂದೇ ಒಂದು ಸಾಲಿಗಾಗಿ ಎರಡು ವಾರ ಹುಡುಕಿ, ಸಿಗದೆ, ನನ್ನ ಪ್ರಬಂಧದಿಂದ ಅದನ್ನು ತೆಗೆಯಬೇಕಾಯ್ತು. ಇವತ್ತಿಗೂ ಬೇಜಾರಿದೆ.

ನಿನ್ನ ಆ ಪ್ರಬಂಧವನ್ನು ಈ ವಾರ ಮತ್ತೆ ತೆಗೆದು ಓದು. ನಿಮ್ಮ ಮೇಡಂ ಪಕ್ಕದಲ್ಲಿ 'ಇದಕ್ಕೆ ಆಧಾರ?' ಅಂತ ಬರೆದ ಕಡೆ ನೀನು ಉತ್ತರ ಕೊಡದೆ ಬಿಟ್ಟದ್ದು ಯಾವುದು ಅಂತ ನನಗೆ ಬರೆದು ಕಳಿಸು. ಅಲ್ಲಿಂದಲೇ ಶುರು ಮಾಡಬಹುದು ಅಂತ ನನಗನ್ನಿಸುತ್ತೆ.

ನಿನ್ನ ಅಮ್ಮ