ತಿಂಗಳ ಕೊನೆಯ ಶನಿವಾರದ ಭೇಟಿ: ಎಂಟು, ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ.

ಮಳೆ ರಜೆಗಳನ್ನು ಸರಿದೂಗಿಸಲು ಶನಿವಾರವೂ ಪೂರ್ತಿ ದಿನ ತರಗತಿ ನಡೆಸುತ್ತಿದ್ದೇವೆ. ಅದಕ್ಕೆ ಯಾರೂ ತಕರಾರು ಮಾಡಿಲ್ಲ; ಮಲೆನಾಡಿನಲ್ಲಿ ಮಕ್ಕಳನ್ನು ಓದಿಸುವವರಿಗೆ ಇದು ಹೊಸದೂ ಅಲ್ಲ. ತಕರಾರು ಬಂದಿರುವುದು ತಿಂಗಳ ಕೊನೆಯ ಶನಿವಾರದ ಮಧ್ಯಾಹ್ನದ ಬಗ್ಗೆ. ಆ ದಿನ ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳನ್ನು ಊರಾಚೆಯ ವಿಕಲಚೇತನರ ವಸತಿ ಮನೆಗೆ ಕರೆದುಕೊಂಡು ಹೋಗುತ್ತೇವೆ. ಹಿಂದಿನ ಭೇಟಿಯ ದಿನ ಒಂಬತ್ತನೆಯ ಹುಡುಗಿಯೊಬ್ಬಳು ಅನ್ನದ ಪಾತ್ರೆ ತಿಕ್ಕುತ್ತಿದ್ದ ಫೋಟೊ ಯಾರದೋ ಮೊಬೈಲಿನಿಂದ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂತು. ಸಂಜೆ ದೀಪ ಹಚ್ಚುವಷ್ಟರಲ್ಲಿ ನನಗೆ ಫೋನ್ ಮೇಲೆ ಫೋನ್. "ನಮ್ಮ ಮಗಳಿಗೆ ಮನೆಯಲ್ಲಿ ಒಂದು ಲೋಟ ತೊಳೆಯಲೂ ಬಿಟ್ಟಿಲ್ಲ ಮೇಡಂ" ಎಂದರು ಒಬ್ಬರು. ಅದನ್ನು ದೂರು ಎಂದುಕೊಳ್ಳಬೇಕೋ ಹೆಮ್ಮೆ ಎಂದುಕೊಳ್ಳಬೇಕೋ ತಿಳಿಯದೆ ಸುಮ್ಮನೆ ಕೇಳಿಸಿಕೊಂಡೆ.

ಇನ್ನೊಂದು ಆಕ್ಷೇಪ ಬರವಣಿಗೆಯಲ್ಲೇ ಬಂದಿದೆ. ಬೆಳಗಿನ ಪ್ರಾರ್ಥನೆಯ ನಂತರ ನಾನು ಕಂತು ಕಂತಾಗಿ ಹೇಳಿದ ಲೆನಾರ್ಡ್ ಚೆಷೈರ್ ಅವರ ಕತೆಯ ಬಗ್ಗೆ. "ಊರುಗಳ ಮೇಲೆ ಬಾಂಬ್ ಹಾಕಿದ ಬ್ರಿಟಿಷ್ ಪೈಲಟ್‌ನನ್ನು ಮಕ್ಕಳ ಮುಂದೆ ದೊಡ್ಡವನನ್ನಾಗಿ ಮಾಡುವುದೇಕೆ? ಸೇವೆ ಮಾಡಿದವರು ನಮ್ಮಲ್ಲೇ ಇಲ್ಲವೇ?" ಎಂಬುದು ಅದರ ಸಾರ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಪಾತ್ರೆಯ ವಿಚಾರಕ್ಕೂ ಉತ್ತರ ಅದರೊಳಗೇ ಇದೆ.

ನಮ್ಮವರು ಖಂಡಿತ ಇದ್ದಾರೆ, ಅವರ ಕತೆಯನ್ನೂ ಹೇಳುತ್ತೇವೆ. ಆದರೆ 2023ರಲ್ಲಿ ಶಿವಮೊಗ್ಗದ ಸೋಗಾನೆ ನಿಲ್ದಾಣದಲ್ಲಿ ವಿಮಾನ ಇಳಿಯತೊಡಗಿದ ಮೇಲೆ ನಮ್ಮ ಶಾಲೆಯಲ್ಲಿ ಪೈಲಟ್ ಆಗುತ್ತೇನೆ ಎನ್ನುವವರ ಸಂಖ್ಯೆ ಏರಿದೆ. ಆ ಮಕ್ಕಳಿಗೆ ಒಬ್ಬ ಪೈಲಟ್‌ನ ಪೂರ್ತಿ ಬದುಕು, ವಿಮಾನದಿಂದ ಇಳಿದ ಮೇಲಿನದೂ ಸೇರಿ, ಗೊತ್ತಾಗಲಿ ಎಂದು ಇವರನ್ನು ಆರಿಸಿಕೊಂಡೆ.

ಚೆಷೈರ್ ಹುಟ್ಟಿದ್ದು 1917ರಲ್ಲಿ. ತಂದೆ ಆಕ್ಸ್‌ಫರ್ಡಿನ ಹೆಸರಾಂತ ಕಾನೂನು ಪ್ರಾಧ್ಯಾಪಕ. ಕರಾರು ಕಾನೂನಿನ ಮೇಲೆ ಅವರು ಸಹಲೇಖಕರೊಂದಿಗೆ ಬರೆದ ಪಠ್ಯವನ್ನು ನಮ್ಮ ಪೋಷಕರಲ್ಲಿ ವಕೀಲರಾದವರು ಓದಿರಲೂಬಹುದು. ಮಗನೂ ಕಾನೂನೇ ಓದಿದ, ಆದರೆ ಮನಸ್ಸೆಲ್ಲ ಹಾರಾಟದಲ್ಲಿ. ಎರಡನೇ ಮಹಾಯುದ್ಧದಲ್ಲಿ, 1940ರ ನವೆಂಬರಿನಲ್ಲಿ, ಜರ್ಮನಿಯ ಕೊಲೋನ್ ನಗರದ ಮೇಲೆ ದಾಳಿಗೆ ಹೋದಾಗ ಶೆಲ್ ಬಡಿದು ವಿಮಾನದ ಪಕ್ಕ ಸೀಳಿಹೋಯಿತು, ಬೆಂಕಿ ಹತ್ತಿತು, ವೈರ್‌ಲೆಸ್ ಆಪರೇಟರ್ ಮೈಯೆಲ್ಲ ಸುಟ್ಟುಕೊಂಡ. ಆ ಸ್ಥಿತಿಯಲ್ಲೇ ಅದನ್ನು ಇಂಗ್ಲೆಂಡಿಗೆ ಹಾರಿಸಿಕೊಂಡು ಬಂದರು. 25ನೇ ವಯಸ್ಸಿಗೆ ವಾಯುಪಡೆಯಲ್ಲಿ ಗ್ರೂಪ್ ಕ್ಯಾಪ್ಟನ್ ಎಂಬ ಹಿರಿಯ ಹುದ್ದೆ. ಆದರೆ ಮೇಜಿನ ಕೆಲಸ ಬೇಡವೆಂದು, ತಾವೇ ಒಂದು ಹುದ್ದೆ ಕೆಳಗಿಳಿದು 1943ರ ನವೆಂಬರಿನಲ್ಲಿ 617ನೇ ಸ್ಕ್ವಾಡ್ರನ್ ವಹಿಸಿಕೊಂಡರು. ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ಪಡೆ ಅದೇ. "ಹಾಗಾದರೆ ಡ್ಯಾಂ ಒಡೆದದ್ದು ಇವರೇನಾ?" ಎಂದು ಲಿಂಗನಮಕ್ಕಿಯ ಕಡೆಯಿಂದ ಬರುವ ಹುಡುಗನೊಬ್ಬ ಕಣ್ಣರಳಿಸಿ ಕೇಳಿದ. ಅಲ್ಲ, ಆ ದಾಳಿ ನಡೆದದ್ದು ಆರು ತಿಂಗಳು ಮೊದಲು, ಮೇ ತಿಂಗಳಲ್ಲಿ. ಅವನಿಗೆ ತುಸು ನಿರಾಸೆಯಾಯಿತು.

ನಾನು ಮಕ್ಕಳ ಮುಂದೆ ಹೆಚ್ಚು ಹೊತ್ತು ನಿಂತದ್ದು ಲಿಮೋಜ್ ಊರಿನ ಪ್ರಸಂಗದಲ್ಲಿ. ಅದು ಫ್ರಾನ್ಸಿನ ಊರು, ಆಗ ಜರ್ಮನರ ವಶದಲ್ಲಿತ್ತು. ಅಲ್ಲಿನ ವಿಮಾನ ಎಂಜಿನ್ ಕಾರ್ಖಾನೆಯ ಮೇಲೆ 1944ರ ಫೆಬ್ರುವರಿಯಲ್ಲಿ ಬಾಂಬ್ ಹಾಕಬೇಕಿತ್ತು. ಒಳಗೆ ರಾತ್ರಿ ಪಾಳಿಯಲ್ಲಿದ್ದವರು ಹೆಚ್ಚಿನಂಶ ಫ್ರೆಂಚ್ ಹೆಂಗಸರು. ಚೆಷೈರ್ ಬಂದವರೇ ಬಾಂಬ್ ಹಾಕಲಿಲ್ಲ. ಕಾರ್ಖಾನೆಯ ಮಾಡು ತಾಗುವಷ್ಟು ಕೆಳಗೆ ಮೂರು ಸಲ ಹಾರಿದರು. ಆ ಹೆಂಗಸರು ಅರ್ಥ ಮಾಡಿಕೊಂಡು ಓಡಿ ಆಶ್ರಯ ಸೇರಿದ ಮೇಲೆಯೇ ಹಿಂದೆ ಬರುವ ವಿಮಾನಗಳಿಗೆ ಗುರಿ ತೋರಿಸುವ ಬೆಂಕಿ ಬೀಳಿಸಿದ್ದು. ಅಷ್ಟು ಕೆಳಗೆ ಹಾರಿದರೆ ತಮ್ಮ ವಿಮಾನಕ್ಕೇ ಗುಂಡು ತಗಲುವ ಅಪಾಯವಿತ್ತು. (ಮುಂದೆ ಅವರು ಹಾರಿಸಿದ 'ಮಸ್ಕಿಟೊ' ಮುಖ್ಯವಾಗಿ ಮರದಿಂದ ಕಟ್ಟಿದ ವಿಮಾನ. ಹೆಸರು ಕೇಳಿ ನಕ್ಕ ಮಕ್ಕಳು ಮರದ್ದು ಎಂದಾಗ ನಂಬಲೇ ಇಲ್ಲ.)

ನೂರು ಹಾರಾಟಗಳಾದ ಮೇಲೆ, ಒಂದೇ ಸಾಹಸಕ್ಕಲ್ಲದೆ ನಾಲ್ಕು ವರ್ಷದ ಒಟ್ಟು ಹೋರಾಟಕ್ಕೆ, ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ಪರವಾಗಿ ವೀಕ್ಷಕರಾಗಿ ಇನ್ನೊಂದು ವಿಮಾನದಲ್ಲಿದ್ದರು, ದೂರದಿಂದ ನೋಡಿದರು.

ಇಲ್ಲಿ ಒಂದು ಮಾತು. ಬಾಂಬ್ ನೋಡಿ ಪಶ್ಚಾತ್ತಾಪವಾಗಿ ಸೇವೆಗೆ ಇಳಿದರು ಎಂದು ಹೇಳಿಬಿಟ್ಟಿದ್ದರೆ ಕತೆ ಸಲೀಸಾಗುತ್ತಿತ್ತು, ಆಕ್ಷೇಪವೂ ಬರುತ್ತಿರಲಿಲ್ಲವೇನೋ. ಆದರೆ ಅದು ನಿಜವಲ್ಲ. ಆ ಬಾಂಬಿನಿಂದ ಯುದ್ಧ ಬೇಗ ಮುಗಿದು ಎಷ್ಟೋ ಜೀವ ಉಳಿಯಿತು ಎಂಬ ನಿಲುವನ್ನು ಅವರು ಮುಂದೆಯೂ ಬಿಡಲಿಲ್ಲ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಕ್ಕಳಿಗೂ ಹಾಗೇ ಹೇಳಿದ್ದೇನೆ. ಒಂಬತ್ತನೇ ತರಗತಿಯವರು ಒಂದು ಇಡೀ ಪೀರಿಯಡ್ ಅದರ ಮೇಲೆ ಜಗಳವಾಡಿದರು. ಇತಿಹಾಸದ ಮೇಷ್ಟರಿಗೆ ಅವತ್ತಿನಷ್ಟು ಖುಷಿ ಈ ವರ್ಷ ಇನ್ನೊಮ್ಮೆ ಆಗಿಲ್ಲ. ಆದ್ದರಿಂದ ನಾವು ಯಾರನ್ನೂ ಪೀಠದ ಮೇಲೆ ಕೂರಿಸಿ ಆರತಿ ಎತ್ತಿಲ್ಲ.

ಯುದ್ಧ ಮುಗಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಸೋತಿತು. ಸೈನ್ಯದಿಂದ ಹಿಂದಿರುಗಿದವರೆಲ್ಲ ಒಟ್ಟಿಗೆ ಬಾಳುವ ಒಂದು ದೊಡ್ಡ ಸಮುದಾಯ ಕಟ್ಟುತ್ತೇನೆ ಎಂದು ಹೊರಟರು. ಹ್ಯಾಂಪ್‌ಷೈರ್‌ನಲ್ಲಿದ್ದ ಚಿಕ್ಕಮ್ಮನ ಕಡೆಯ 'ಲೆ ಕೋರ್ಟ್' ಎಂಬ ಭಾರೀ ಮನೆ ಕೊಂಡರು. ಸಾಲವಾಯಿತು, ಬಂದವರು ಚೆದುರಿದರು. ಖಾಲಿ ಮನೆ ಮಾರುವ ಯೋಚನೆಯಲ್ಲಿದ್ದಾಗ, 1948ರಲ್ಲಿ, ಒಂದು ಆಸ್ಪತ್ರೆಯಿಂದ ಕರೆ ಬಂತು. ಹಿಂದೆ ಆ ಮನೆಯಲ್ಲಿ ಕೆಲಸ ಮಾಡಿಕೊಂಡಿದ್ದ ಆರ್ಥರ್ ಡೈಕ್ಸ್ ಎಂಬಾತನಿಗೆ ಕ್ಯಾನ್ಸರ್, ವಾಸಿಯಾಗುವುದಲ್ಲ, ಹೋಗಲು ಜಾಗವಿಲ್ಲ. ಚೆಷೈರ್ ಜಾಗ ಹುಡುಕಿದರು, ಸಿಗಲಿಲ್ಲ. ತಮ್ಮ ಮನೆಗೇ ಕರೆತಂದರು. ಅನ್ನ ಬೇಯಿಸುವುದು, ಹಾಸಿಗೆ ಬದಲಿಸುವುದು, ಮಲಮೂತ್ರದ ಪಾತ್ರೆ ತೆಗೆಯುವುದು ಎಲ್ಲ ತಾವೇ. ನರ್ಸಿಂಗ್ ಗೊತ್ತಿಲ್ಲ, ಕೈಯಲ್ಲಿ ಕಾಸಿಲ್ಲ. ಡೈಕ್ಸ್ ಅದೇ ಆಗಸ್ಟಿನಲ್ಲಿ ತೀರಿಕೊಂಡ. ಅಷ್ಟರಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ಕರೆತಂದು ಬಿಟ್ಟಿದ್ದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು.

ಯೋಜನೆ ಹಾಕಿದ್ದು ಉಳಿಯಲಿಲ್ಲ. ಹಾಕದೆ ಬಂದದ್ದು ಬೆಳೆಯಿತು. ನಡುವೆ ಕ್ಷಯ ತಗಲಿ 1952ರಿಂದ ಸ್ಯಾನಟೋರಿಯಂನಲ್ಲಿ ಮಲಗಿದ್ದಾಗಲೂ ಕೆಲಸ ನಿಲ್ಲಲಿಲ್ಲ. 1950ರ ದಶಕದಲ್ಲಿ ಭಾರತಕ್ಕೆ ಬಂದು ಮುಂಬೈಯ ಅಂಧೇರಿಯಲ್ಲಿ ಇಂಥದೇ ಒಂದು ಮನೆ ಶುರು ಮಾಡಿದರು. 1959ರಲ್ಲಿ ಮುಂಬೈಯಲ್ಲೇ ಸ್ಯೂ ರೈಡರ್ ಅವರನ್ನು ಮದುವೆಯಾದರು. ಆಕೆಯೂ ಯುದ್ಧದಿಂದ ನಿರ್ಗತಿಕರಾದವರಿಗೆ ದುಡಿದವರು. ಡೆಹ್ರಾಡೂನಿನಲ್ಲಿ ಇಬ್ಬರೂ ಸೇರಿ ಕುಷ್ಠರೋಗಿಗಳಿಗೂ ವಿಕಲಚೇತನ ಮಕ್ಕಳಿಗೂ ಕಟ್ಟಿದ 'ರಾಫೇಲ್' ಈಗಲೂ ಇದೆ. ಬೆಂಗಳೂರಿನಲ್ಲೂ ಅವರ ಹೆಸರಿನ ಚೆಷೈರ್ ಹೋಮ್ ಇದೆ. 1992ರ ಜುಲೈ 31ರಂದು ನರಗಳು ಸೋಲುವ ಕಾಯಿಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರನ್ನೇ ಬೇರೆಯವರು ಎತ್ತಿ ಕೂರಿಸಬೇಕಿತ್ತು. ಡೈಕ್ಸ್ ತೀರಿದ ವರ್ಷ ಅವರು ಕ್ಯಾಥೊಲಿಕ್ ಆದರು ಎಂಬುದನ್ನೂ ಹೇಳಿದ್ದೇನೆ. ಅದು ಅವರ ಬದುಕಿನ ಸಂಗತಿ, ನಮ್ಮ ಶಾಲೆಯ ಕಾರ್ಯಕ್ರಮವಲ್ಲ. ಒಬ್ಬರು ಮೆಲ್ಲಗೆ ಕೇಳಿದ್ದರಿಂದ ಬರೆದೆ, ಇನ್ನು ಅದರ ಚರ್ಚೆ ಬೇಡ.

ಈಗ ಪಾತ್ರೆಯ ವಿಚಾರ.

"ದುಡ್ಡು ಬೇಕಾದರೆ ಕೊಡುತ್ತೇವೆ, ಅಕ್ಕಿ ಮೂಟೆ ಕಳಿಸುತ್ತೇವೆ, ಮಕ್ಕಳ ಕೈಲಿ ಕೆಲಸ ಮಾಡಿಸಬೇಡಿ" ಎಂದು ಹಲವರು ಹೇಳಿದ್ದೀರಿ. ನಿಮ್ಮ ಧಾರಾಳ ನನಗೆ ಗೊತ್ತು. ಹಿಂದಿನ ಮಳೆಗಾಲದಲ್ಲಿ ಶಾಲೆಯ ಮಾಡು ಹಾರಿದಾಗ ಎರಡೇ ದಿನದಲ್ಲಿ ಹಂಚು, ರೀಪು, ಆಳು ಎಲ್ಲ ಬಂದು ನಿಂತಿತ್ತು. ಅದನ್ನು ಮರೆಯುವವಳಲ್ಲ. ಆದರೆ ಅಕ್ಕಿ ಮೂಟೆ ಕೊಟ್ಟು ಫೋಟೊ ತೆಗೆಸಿಕೊಂಡು ಬರುವವರು ಆ ಮನೆಗೆ ಈಗಾಗಲೇ ಬೇಕಾದಷ್ಟು ಜನ ಇದ್ದಾರೆ. ಹುಟ್ಟುಹಬ್ಬದ ಕೇಕ್ ಕೂಡ ಅಲ್ಲಿಗೆ ಬರುತ್ತದೆ. ಬಾರದೆ ಇರುವುದು, ಬಂದು ಒಂದು ಗಂಟೆ ಜೊತೆಗೆ ಕೂತು ಹುರುಳಿ ಆರಿಸುವ ಜನ.

ಅಲ್ಲಿ ಇರುವವರಾದರೂ ಯಾರು? ದೂರದವರಲ್ಲ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಕೊನೆಗೌಡರಿದ್ದಾರೆ. ನಮ್ಮ ನಿಮ್ಮ ತೋಟಗಳ ಕೊನೆ ಇಳಿಸಿದವರು. ಅವರ ಎದುರು ಕೂತು ಒಂದು ಲೋಟ ಚಹಾ ಕುಡಿದು ಎದ್ದು ಬಂದರೆ, ಆ ಲೋಟ ಯಾರು ತೊಳೆಯಬೇಕು? ನಮ್ಮ ಮಕ್ಕಳು ತಾವು ಉಂಡ ತಟ್ಟೆಯನ್ನೂ ಅಡುಗೆಮನೆಯ ನಾಲ್ಕು ಪಾತ್ರೆಗಳನ್ನೂ ತೊಳೆಯುತ್ತಾರೆ. ಇಷ್ಟೇ. ಫೋಟೊದಲ್ಲಿದ್ದ ಹುಡುಗಿಯ ಪಕ್ಕದಲ್ಲಿ ಅದೇ ಮನೆಯ ಗಾಲಿಕುರ್ಚಿಯ ಅಕ್ಕ ಒಬ್ಬರು ಪಾತ್ರೆ ಒರೆಸುತ್ತಿದ್ದರು. ಅವರು ಫೋಟೊದ ಚೌಕಟ್ಟಿನೊಳಗೆ ಬಂದಿರಲಿಲ್ಲ.

ಆತಂಕ ಇರುವವರಿಗೆ ಬಿಡಿಸಿ ಹೇಳುತ್ತೇನೆ. ಮಕ್ಕಳು ಯಾರಿಗೂ ಸ್ನಾನ ಮಾಡಿಸುವುದಿಲ್ಲ. ಶೌಚಾಲಯ ತೊಳೆಯುವುದಿಲ್ಲ. ಔಷಧಿ ಮುಟ್ಟುವುದಿಲ್ಲ. ಚೆಷೈರ್ ಮಾಡಿದ್ದನ್ನು ಹದಿಮೂರು ಹದಿನಾಲ್ಕರ ಮಕ್ಕಳು ಮಾಡಲಿ ಎಂದು ನಾನು ಹೇಳುತ್ತಿಲ್ಲ. ತರಕಾರಿ ಹೆಚ್ಚುವುದು, ಬಡಿಸುವುದು, ಪೇಪರ್ ಓದಿ ಹೇಳುವುದು, ಕೇರಂ ಆಡುವುದು, ಪಾತ್ರೆ ತೊಳೆಯುವುದು. ಇಬ್ಬರು ಶಿಕ್ಷಕಿಯರೂ ಒಬ್ಬ ಮೇಷ್ಟರೂ ಸದಾ ಜೊತೆಗಿರುತ್ತಾರೆ, ಅವರೂ ಪಾತ್ರೆ ತೊಳೆಯುತ್ತಾರೆ. ಹಿಂದಿನ ಸಲ ನಾನೂ ತೊಳೆದೆ. ನನ್ನ ಫೋಟೊ ಮಾತ್ರ ಯಾರೂ ಹಾಕಲಿಲ್ಲ.

ಪಾತ್ರೆಯನ್ನು ಪಟ್ಟಿಯಿಂದ ತೆಗೆದುಬಿಡಿ, ಉಳಿದದ್ದಕ್ಕೆ ಒಪ್ಪುತ್ತೇವೆ ಎಂಬ ಸಲಹೆಯೂ ಬಂದಿದೆ. ಯೋಚಿಸಿದೆ. ಆಡಳಿತ ಮಂಡಳಿಯಲ್ಲೂ ಮಾತಾಡಿದೆವು. ತೆಗೆಯುವುದಿಲ್ಲ. ಬಡಿಸುವುದು ಗೌರವದ ಕೆಲಸ, ತೊಳೆಯುವುದು ಕೀಳು ಎಂಬ ಎಣಿಕೆ ಮಕ್ಕಳಿಗೆ ಹುಟ್ಟಿನಿಂದ ಬರುವುದಿಲ್ಲ, ನಮ್ಮನ್ನು ನೋಡಿ ಕಲಿಯುತ್ತಾರೆ. ಶಾಲೆಯಿಂದಲೂ ಅದನ್ನೇ ಕಲಿಯುವುದು ಬೇಡ. ಹಾಗೆಂದು ನಿಮ್ಮ ಮಗುವಿಗೆ ಕೈಗೆ ಅಲರ್ಜಿ, ಗಾಯ, ಶೀತ ಏನಾದರೂ ಇದ್ದರೆ ಖಂಡಿತ ಬಿಡುತ್ತೇವೆ. ಹೆಣ್ಣುಮಕ್ಕಳಿಗೇ ಪಾತ್ರೆ, ಗಂಡುಮಕ್ಕಳಿಗೆ ಕೇರಂ ಎಂದೂ ಆಗುವುದಿಲ್ಲ, ಸರದಿ ಪ್ರಕಾರ. ಈ ಮಾತು ಕೆಲವು ಅಜ್ಜಿಯಂದಿರಿಗೆ ಹಿಡಿಸಿಲ್ಲ ಎಂದು ಗೊತ್ತು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಚೆಷೈರ್ ಕತೆಯ ಇನ್ನೊಂದು ಭಾಗವನ್ನು ಮಕ್ಕಳಿಗೆ ಹೇಳಲು ಪುರುಸೊತ್ತಾಗಲಿಲ್ಲ, ಮುಂದಿನ ವಾರ ಹೇಳುತ್ತೇನೆ. ಲೆ ಕೋರ್ಟ್‌ನಲ್ಲಿದ್ದವರೇ ಆಡಳಿತದ ಮೇಲೆ ತಿರುಗಿಬಿದ್ದರು. ಎಷ್ಟು ಹೊತ್ತಿಗೆ ಮಲಗಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ಬೇರೆಯವರು ನಿಶ್ಚಯಿಸುವುದೇಕೆ, ಸಮಿತಿಯಲ್ಲಿ ನಮಗೇಕೆ ಜಾಗವಿಲ್ಲ ಎಂದು ಕೇಳಿದರು. ಅಲ್ಲಿ ವರ್ಷಗಟ್ಟಲೆ ಇದ್ದ ಪಾಲ್ ಹಂಟ್ 1972ರಲ್ಲಿ ಪತ್ರಿಕೆಗೆ ಪತ್ರ ಬರೆದು, ನಮ್ಮನ್ನು ಹೀಗೆ ಬೇರೆ ಇಡುವುದೇ ಸರಿಯೇ ಎಂದು ಪ್ರಶ್ನಿಸಿದರು. ಅವರಂಥವರಿಂದಲೇ ಆ ದೇಶದಲ್ಲಿ ಹಕ್ಕಿನ ಚಳವಳಿ ಬೆಳೆಯಿತು. ನಮ್ಮಲ್ಲೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಹಕ್ಕಿನ ಮಾತಾಡುತ್ತದೆ, ಕರುಣೆಯದ್ದಲ್ಲ. ನಮ್ಮ ಭೇಟಿಗೂ ಅಲ್ಲಿನವರದೇ ಷರತ್ತಿದೆ: ಫೋಟೊ ಬೇಡ, "ಪಾಪ" ಎನ್ನುವುದು ಬೇಡ, ಕೇಳದೆ ಗಾಲಿಕುರ್ಚಿ ತಳ್ಳುವುದು ಬೇಡ. ಆದ್ದರಿಂದ ಇನ್ನು ಮುಂದೆ ಅಲ್ಲಿಗೆ ಬರುವ ಯಾರೂ, ಪೋಷಕರೂ ಸೇರಿ, ಮೊಬೈಲ್ ಹೊರಗೆ ತೆಗೆಯುವಂತಿಲ್ಲ.

ಪಾಠ ಹಿಂದೆ ಬೀಳುತ್ತದೆ ಎಂಬ ಚಿಂತೆಗೆ: ಹತ್ತನೇ ತರಗತಿಯವರಿಗೆ ಈ ಭೇಟಿ ಇಲ್ಲ. ಉಳಿದವರಿಗೆ ಆ ಮಧ್ಯಾಹ್ನದ ಗಣಿತದ ತರಗತಿ ಸೋಮವಾರ ಬೆಳಗ್ಗೆ ನಡೆಯುತ್ತದೆ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿಕೊಡಿ.

ಒಪ್ಪಿಗೆ ಇಲ್ಲದವರು ಹಾಗೆಂದೇ ಬರೆಯಬಹುದು. ಆ ಮಗು ಗ್ರಂಥಾಲಯದಲ್ಲಿ ಕೂರುತ್ತದೆ, ಅದಕ್ಕಾಗಿ ಯಾರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಆದರೆ ಬರೆಯುವ ಮೊದಲು ಒಮ್ಮೆ ಮಗುವನ್ನೇ ಕೇಳಿ. ಫೋಟೊದ ಹುಡುಗಿ ನಿನ್ನೆ ನನ್ನ ಕೋಣೆಗೆ ಬಂದು, ಮನೆಯಲ್ಲಿ ಸಹಿ ಹಾಕದಿದ್ದರೆ ತಾನು ಏನು ಮಾಡಬೇಕು ಎಂದು ಕೇಳಿದಳು. ಮನೆಯವರ ಮಾತು ಮೀರಬೇಡ, ಆದರೆ ನಿನ್ನ ಮಾತು ಹೇಳು ಎಂದು ಕಳಿಸಿದೆ. ಕೊನೆ ಕೊಯ್ಲು ಶುರುವಾದ ಮೇಲೆ ಮನೆಯಲ್ಲಿ ಕೈ ಸಾಲದ ಶನಿವಾರಗಳಿರುತ್ತವೆ, ಅದು ನನಗೂ ಗೊತ್ತು. ಅಂಥ ತಿಂಗಳು ಇದ್ದರೆ ಚೀಟಿಯ ಹಿಂಬದಿ ಬರೆದುಬಿಡಿ. ಭೇಟಿಯ ದಿನ ಮಕ್ಕಳು ಸಂಜೆ ನಾಲ್ಕೂವರೆಗೆ ಶಾಲೆಗೆ ಮರಳುತ್ತಾರೆ, ಹಳ್ಳಿ ಬಸ್ಸು ತಪ್ಪುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ