ಬಾಕಿ ಪಟ್ಟಿ ಬೋರ್ಡಿಗೆ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

ಕಾಗದ ಬಂತು. ನೀನು ತುಮಕೂರಿನ ನಮ್ಮ ತೆರಿಗೆ ಸಲಹೆಗಾರರ ಸಂಘದ ಖಜಾಂಚಿ ಆಗಿದ್ದನ್ನು ನಿಮ್ಮಪ್ಪ ಆಗಲೇ ಫೋನಲ್ಲಿ ಹೇಳಿದ್ದ, ಅದಿರಲಿ. ಕೊನೆಗೆ ಬರೆದಿದ್ದೀಯಲ್ಲ, ಹೀಗೇ ಬಿಟ್ಟರೆ ಮುಂದಿನ ವರ್ಷ ರೂಮಿನ ಬಾಡಿಗೆಗೂ ದುಡ್ಡಿರಲ್ಲ, ಅದಕ್ಕೆ ಚಂದಾ ಕಟ್ಟದವರ ಹೆಸರು ನೋಟಿಸ್ ಬೋರ್ಡಿಗೆ ಹಾಕಿ ಆಮೇಲೆ ಸದಸ್ಯರ ಪಟ್ಟಿಯಿಂದ ತೆಗೆಯೋಣ ಅಂತಿದ್ದೇವೆ ಅಂತ. ಅದನ್ನು ಓದಿದ ಮೇಲೆ ಸಮಾಧಾನವೇ ಇಲ್ಲ.

2005ರ ಏಪ್ರಿಲ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ಬದಲು ವ್ಯಾಟ್ ಅನ್ನೋ ಹೊಸ ತೆರಿಗೆ ಬಂದಾಗ ನೀನಿನ್ನೂ ಸ್ಕೂಲಲ್ಲಿದ್ದೆ. 1957ರ ಸೇಲ್ಸ್ ಟ್ಯಾಕ್ಸ್ ಕಾಯ್ದೆಯನ್ನು ಅರೆದು ಕುಡಿದಿದ್ದ ನಮಗೆಲ್ಲ ಕೈಕಾಲು ಆಡಲಿಲ್ಲ. ಆಗ ಮಂಡಿಪೇಟೆ ಅಂಗಡಿಗಳ ಲೆಕ್ಕ ಬರೆಯುತ್ತಿದ್ದ ಒಬ್ಬ ಹಿರಿಯರು ಸಂಜೆ ಸಂಜೆ ಸಂಘದ ರೂಮಿಗೆ ಬಂದು ಪಾಠ ಮಾಡುತ್ತಿದ್ದರು. ಹಾರ್ಡ್‌ವೇರ್ ಅಂಗಡಿಯ ಬಿಲ್ಲು ಹಿಡಿದು, ಖರೀದಿಯಲ್ಲಿ ಕೊಟ್ಟ ತೆರಿಗೆ ಈ ಕಡೆ, ಮಾರಾಟದಲ್ಲಿ ವಸೂಲಿ ಮಾಡಿದ್ದು ಆ ಕಡೆ, ಕಳೆದು ಉಳಿದದ್ದು ಕಟ್ಟಯ್ಯ ಅನ್ನೋರು. ಒಂದು ರೂಪಾಯಿ ತಗೊಂಡವರಲ್ಲ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಎಲ್ಲಾ ಪೋರ್ಟಲ್‌ನಲ್ಲೇ. ಆ ಹಿರಿಯರಿಗೆ ಕಣ್ಣು ಮಂಜು, ಮೌಸ್ ಹಿಡಿದರೆ ಕೈ ನಡುಗೋದು. ಅಂಗಡಿಯವರೆಲ್ಲ ಒಬ್ಬೊಬ್ಬರಾಗಿ ಕಂಪ್ಯೂಟರ್ ಗೊತ್ತಿದ್ದ ಹುಡುಗರ ಕಡೆ ಹೋದರು, ಹಿರಿಯರ ಚಂದಾ ನಿಂತಿತು. ಆಗಿನ ಕಮಿಟಿ 'ಬಾಕಿದಾರರು' ಅಂತ ಕೆಂಪು ಇಂಕಲ್ಲಿ ಅವರ ಹೆಸರೂ ಸೇರಿಸಿ ಬರೆದು ಬೋರ್ಡಿಗೆ ಅಂಟಿಸಿತು. ಅವರು ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. ತರಿಸಿದ್ದ ಕಾಫಿ ಮುಟ್ಟಲಿಲ್ಲ. ಮತ್ತೆ ಬರಲೂ ಇಲ್ಲ. ಮನೆಗೆ ಹೋಗಿ ಮಾತಾಡಿಸಬೇಕು ಅಂತ ಇವತ್ತು ನಾಳೆ ಅಂದುಕೊಳ್ಳುತ್ತಲೇ ಇದ್ದೆ, ಅಷ್ಟರಲ್ಲಿ ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿಬಿಟ್ಟ. ಅದೊಂದು ಕೊರಗು ಉಳಿದುಹೋಯಿತು.

ದುಡ್ಡು ಬೇಡ ಅನ್ನುವಷ್ಟು ದಡ್ಡನಲ್ಲ ನಾನು. ಬಾಡಿಗೆ, ಅಟೆಂಡರ್ ಸಂಬಳ, ಆಡಿಟ್, ವರ್ಷ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಲೆಕ್ಕ ಕೊಡೋದು, ಯಾವುದೂ ಪುಕ್ಕಟೆ ಆಗಲ್ಲ. ಆದರೆ ತೂತು ಬಾಕಿಯವರಲ್ಲಿ ಮಾತ್ರ ಇಲ್ಲ ಅನ್ಸುತ್ತೆ. ಆಜೀವ ಸದಸ್ಯತ್ವ ಅಂತ ಒಂದೇ ಸಲ ತಗೊಂಡ ದುಡ್ಡನ್ನು ಎಫ್‌ಡಿ ಇಟ್ಟು ಬಡ್ಡಿ ಮಾತ್ರ ಮುಟ್ಟಬೇಕಿತ್ತು. ಬಂದ ವರ್ಷವೇ ಖರ್ಚಾಯಿತು. ಈಗ ಅವರನ್ನು ಮತ್ತೆ ಕೊಡಿ ಅನ್ನೋಕಾಗಲ್ಲ, ಮಾತು ಕೊಟ್ಟಾಗಿದೆ. ಹೊಸಬರಿಗಾದರೂ ಅದನ್ನು ನಿಲ್ಲಿಸಿದರೆ ಹೇಗೆ? ಸುಮ್ನೆ ಕೇಳಿದೆ, ಈಗಿನ ಲೆಕ್ಕ ನಿನಗೇ ಜಾಸ್ತಿ ಗೊತ್ತು.

ಸಾಫ್ಟ್‌ವೇರ್ ಕಂಪನಿಯವರು ಸೆಮಿನಾರ್ ಖರ್ಚು ಕೊಡ್ತಾರೆ ಅಂತಲೂ ಬರೆದಿದ್ದೀಯ. ತಗೋ, ಆದರೆ ಬಾಡಿಗೆಯನ್ನು ಅದರ ಮೇಲೆ ನಿಲ್ಲಿಸಬೇಡ. ಒಂದು ವರ್ಷ ಕೊಡ್ತಾರೆ, ಮುಂದಿನ ವರ್ಷ ಫೋನೇ ಎತ್ತಲ್ಲ. ಸದಸ್ಯರಲ್ಲದವರಿಗೆ ಸೆಮಿನಾರ್ ಫೀಸು ಜಾಸ್ತಿ ಇಡಬಹುದು. ಪ್ರಾಕ್ಟೀಸ್ ಬಿಟ್ಟ ವಯಸ್ಸಾದವರಿಗೆ ಅರ್ಧ ಚಂದಾ ಅಂತ ಬೈಲಾದಲ್ಲೇ ಸೇರಿಸಿದರೆ ಯಾರೂ ಕೈಚಾಚಿ ಕೇಳಬೇಕಾಗಿಲ್ಲ, ಅಲ್ವಾ? ಕಮಿಟಿಯಲ್ಲಿ ಗಲಾಟೆ ಆಗುತ್ತೆ ಅನ್ನೋದಾದರೆ ಬಿಡು.

ಬೋರ್ಡಿನದು ಮಾತ್ರ ಬಿಡೋಕಾಗ್ತಿಲ್ಲ ಪುಟ್ಟಿ. ಇದ್ದೂ ಕೊಡದವರಿಗೆ ಬೋರ್ಡು ನಾಟಲ್ಲ, ನಕ್ಕೊಂಡು ಓಡಾಡ್ತಾರೆ. ಇಲ್ಲದೆ ಕೊಡದವರೇ ತಲೆ ತಗ್ಗಿಸಿ ಹೋಗೋದು. ಯಾರು ಯಾವ ತರ ಅಂತ ಫೋನ್ ಮಾಡಿ ಮಾತಾಡಿಸದೆ ಖಜಾಂಚಿಗೆ ತಿಳಿಯೋದು ಹೇಗೆ?

ಆ ಪಟ್ಟಿಯನ್ನು ಮೊದಲು ನನಗೆ ವಾಟ್ಸಾಪ್ ಮಾಡು. ನನ್ನ ಕಾಲದವರು ಯಾರಾದರೂ ಇದ್ದರೆ ಬೆಳಗಿನ ಬಸ್ಸಿಗೇ ತುಮಕೂರಿಗೆ ಬಂದು ಮನೆಗೆ ಹೋಗಿ ಮಾತಾಡ್ತೀನಿ. ಮೀಟಿಂಗ್ ಯಾವತ್ತು ಅಂತ ಬರೆದೇ ಇಲ್ಲ ನೀನು, ಅದನ್ನೂ ತಿಳಿಸು.

ಇಂತಿ,
ನಿನ್ನ ದೊಡ್ಡಪ್ಪ
ಮಧುಗಿರಿ