ಗಲಾಟೆಯಲ್ಲ, ಒಂಬತ್ತನೇ ರಾತ್ರಿ

ಸಂಪಾದಕರೇ,

ಭಾನುವಾರದ ನಿಮ್ಮ ಅನಿವಾಸಿ ಪುಟದಲ್ಲಿ ‘ಕನ್ನಡತಿ ಮನೆಯವರಿಂದ ಹಾಲ್ ಮುಂದೆ ಗಲಾಟೆ’ ಅಂತ ಬಂದಿದೆಯಲ್ಲ, ಆ ಕನ್ನಡತಿ ನಾನೇ. ಗಲಾಟೆ ಮಾಡಿದವರು ಯಾರು ಗೊತ್ತಾ? ಎಪ್ಪತ್ತು ದಾಟಿದ ಹೆಂಗಸರು. ಮಳೆಯಲ್ಲಿ ಛತ್ರಿ ಹಿಡಿದು ದೇವರ ಹಾಡು ಹೇಳುತ್ತಿದ್ದರು. ಅಷ್ಟೇ.

ಅವತ್ತು ನಮ್ಮ ಅತ್ತೆ ತೀರಿಕೊಂಡು ಒಂಬತ್ತನೇ ರಾತ್ರಿ. ಅತ್ತೆ ಕೆರಿಬಿಯನ್ ದ್ವೀಪ ಜಮೈಕಾದವರು. ಅವರಲ್ಲಿ ಅದು ‘ನೈನ್ ನೈಟ್’. ನಮ್ಮ ವೈಕುಂಠ ಸಮಾರಾಧನೆ ಇದ್ದ ಹಾಗೆ ಅಂದುಕೊಳ್ಳಿ. ಹೋದವರ ಪಾಲಿನ ಊಟ ಮೇಜಿನ ಮೇಲಿಡುತ್ತಾರೆ, ನಡುರಾತ್ರಿವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟುವುದಿರಲಿ, ಇಡುವುದಕ್ಕೆ ಮೇಜಾದರೂ ಬೇಕಲ್ವಾ? ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡಿದ್ದ ಹಾಲಿಗೆ ಬೀಗ. ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಸಂಗೀತ. ಬೆಳಗಿನ ಜಾವ ಎದ್ದು ಮಾಡಿದ ಮೇಕೆ ಸಾರು ಕಾರಿನ ಡಿಕ್ಕಿಯಲ್ಲಿ ಚೆಲ್ಲಿತು. ತೆಂಗಿನ ಹಾಲು, ತೊಗರಿಕಾಳು ಹಾಕಿದ ಅನ್ನ ಮುದ್ದೆಯಾಯಿತು. ಪಾತ್ರೆ ಹೊತ್ತು ನನ್ನ ಗಂಡನಿಗೆ ಸೊಂಟ ಹಿಡಿದಿದೆ. ನನಗೆ ಇನ್ನೂ ಕೆಮ್ಮು.

ಆ ಹಾಲ್‌ನ ಸೂರಿಗೆ ದುಡ್ಡು ಕೂಡಿಸಲು ಅತ್ತೆ ಎಷ್ಟು ಶನಿವಾರ ಪ್ಯಾಟಿ (ಖಾರದ ಹೂರಣದ ಕಡುಬಿನಂಥದ್ದು) ಮಾಡಿ ಮಾರಿದ್ದರೋ ಲೆಕ್ಕವಿಲ್ಲ. ಬೀಗದಕೈ ವರ್ಷಗಟ್ಟಲೆ ಅವರ ಪರ್ಸಿನಲ್ಲೇ ಇತ್ತು. ಈಗಲೂ ಇದೆ. ಹಾಕಿ ನೋಡಿದೆವು, ಬೀಗವನ್ನೇ ಬದಲಾಯಿಸಿದ್ದಾರೆ. ಭೇಷ್.

ಇನ್ನು ನಿಮ್ಮ ವರದಿ. ಅತ್ತೆಯನ್ನು ‘ಆಫ್ರಿಕಾದ ನಿರಾಶ್ರಿತ ಮಹಿಳೆ’ ಅಂತ ಬರೆದಿದ್ದೀರಿ. ಅತ್ತೆ ಹುಟ್ಟಿದ್ದು ಜಮೈಕಾದಲ್ಲಿ. 1961ರಲ್ಲಿ ಹತ್ತೊಂಬತ್ತರ ಹುಡುಗಿಯಾಗಿ ಬ್ರಿಟನ್ನಿಗೆ ಬಂದರು. ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. ಜಮೈಕಾ ಸ್ವತಂತ್ರವಾಗಿದ್ದೇ 1962ರ ಆಗಸ್ಟ್ 6ಕ್ಕೆ. ನಿರಾಶ್ರಿತರು ಎಲ್ಲಿಂದ ಬಂತು? ಬಂದದ್ದು ನರ್ಸ್ ಆಗಲು. ಆದರೆ ಕೆರಿಬಿಯನ್ ಹುಡುಗಿಯರಲ್ಲಿ ಬಹಳ ಜನರನ್ನು ಮೂರು ವರ್ಷದ ಕೋರ್ಸು ಬಿಡಿಸಿ ಎರಡು ವರ್ಷದ್ದಕ್ಕೆ ತಳ್ಳುತ್ತಿದ್ದರು. ಇವರನ್ನೂ ತಳ್ಳಿದರು. ಆ ಸರ್ಟಿಫಿಕೇಟಿಗೆ ಊರಲ್ಲಿ ಬೆಲೆಯಿಲ್ಲ, ಇಲ್ಲಿ ಬಡ್ತಿಯಿಲ್ಲ. ರಾತ್ರಿ ಪಾಳಿಯಲ್ಲೇ ಮೂರು ಮಕ್ಕಳನ್ನು ಸಾಕಿದರು.

ಬ್ಯಾಂಕಿನವರು ಇವರಿಗೆಲ್ಲಾ ಸಾಲ ಎಲ್ಲಿ ಕೊಡುತ್ತಿದ್ದರು? ಅದಕ್ಕೇ ‘ಪಾರ್ಡ್ನರ್’ ಇತ್ತು. ವಾರಾವಾರ ಎಲ್ಲರೂ ಇಷ್ಟು ಅಂತ ಹಾಕುವುದು, ಸರದಿ ಬಂದವರಿಗೆ ಇಡೀ ಗಂಟು. ನಮ್ಮ ಚೀಟಿಯೇ, ಹರಾಜು ಕೂಗುವುದಿಲ್ಲ ಅಷ್ಟೇ. ಇಪ್ಪತ್ತು ಜನರ ದುಡ್ಡು ಅತ್ತೆಯ ಹತ್ತಿರ. ಒಂದು ಪೈಸೆ ಆಚೀಚೆ ಆಗಿಲ್ಲ. ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಮುಂಗಡ ಅದರಿಂದಲೇ ಬಂದದ್ದು. ಶಿವಮೊಗ್ಗದಲ್ಲಿ ನಮ್ಮಮ್ಮನೂ ಚೀಟಿ ನಡೆಸುತ್ತಿದ್ದರು ಅಂದಾಗ ಅತ್ತೆ ಮೊದಲ ಸಲ ನನ್ನನ್ನು ಅಡುಗೆಮನೆಗೆ ಕರೆದರು.

ಅಧಿಕಾರಿಗಳ ಕಥೆ ಎತ್ತಬಾರದು ಅಂತಿದ್ದೆ, ಎತ್ತಿಸಿದಿರಿ. ಅತ್ತೆಗೆ ಒಂದು ಕಚೇರಿಯಿಂದ ಕಾಗದ ಬಂದಿತ್ತು. ನೀವು ಈ ದೇಶದಲ್ಲೇ ಇದ್ದಿರಿ ಅನ್ನುವುದಕ್ಕೆ ವರ್ಷ ವರ್ಷಕ್ಕೂ ದಾಖಲೆ ಕೊಡಿ ಅಂತೆ! 1973ಕ್ಕೆ ಮೊದಲು ಬಂದು ನೆಲೆಸಿದವರ ಹಕ್ಕು ಕಾನೂನಿನಲ್ಲೇ ಇದೆ. ಹಳಬರು ಬಂದಿಳಿದ ದಾಖಲೆಯ ಲ್ಯಾಂಡಿಂಗ್ ಕಾರ್ಡುಗಳನ್ನು 2010ರಲ್ಲಿ ನಾಶ ಮಾಡಿದ್ದು ಸರ್ಕಾರವೇ. ಆಮೇಲೆ ದಾಖಲೆ ಎಲ್ಲಿ ಅಂತ ಅಜ್ಜಿಯರನ್ನು ಕೇಳುವುದು. ಇದೇ ಹಗರಣದ ನಡುವೆ 2018ರಲ್ಲಿ ಬ್ರಿಟನ್ನಿನ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟಾಗ ಅತ್ತೆ ಟಿವಿ ಆರಿಸಿ, ಸಂಬಳದ ಹಳೇ ರಸೀದಿಗಳನ್ನು ಮತ್ತೆ ಬಿಸ್ಕತ್ ಡಬ್ಬಿಗೆ ತುಂಬಿದರು. ಎಸೆಯಲಿಲ್ಲ. ಈಗಲೂ ಬೀರುವಿನ ಮೇಲಿದೆ ಡಬ್ಬಿ. ಬೇಕಾದರೆ ನಿಮ್ಮ ವರದಿಗಾರರು ಬಂದು ನೋಡಲಿ.

ನೀವು ತಪ್ಪಾಯಿತು ಅಂತ ಒಂದು ಸಾಲು ಹಾಕಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಲ್ಲ. ಇಲ್ಲವೇ ಹಾಲ್‌ನವರಿಂದ ನಮ್ಮ ದುಡ್ಡು ವಾಪಸ್ ಕೊಡಿಸಿ. ಎರಡೂ ಆದರೆ ಒಳ್ಳೆಯದು. ಯಾವುದೂ ಆಗದಿದ್ದರೆ ಸುಮ್ನೆ ಆ ಪುಟವನ್ನೇ ನಿಲ್ಲಿಸಿ, ಅಡುಗೆ ರೆಸಿಪಿ ಹಾಕಿ. ಅದರಲ್ಲೂ ತೊಗರಿಕಾಳಿನ ಅನ್ನ ಆಫ್ರಿಕಾದ್ದು ಅಂತ ಬರೆದೀರಿ, ಜೋಕೆ.

– ಒಬ್ಬ ಸೊಸೆ, ಹ್ಯಾಂಡ್ಸ್‌ವರ್ತ್, ಬರ್ಮಿಂಗ್‌ಹ್ಯಾಮ್